ಎರಡು ಸಲ ಎಣಿಸಿದ ಡ್ರಮ್ಮುಗಳು

ಫೆಬ್ರವರಿ 11, ಮಂಗಳವಾರ

ಇನ್ನು ಮಾತಾಡಬೇಡಿ ಎಂದು ಗಂಟಲಿನ ಡಾಕ್ಟರು ಹೇಳಿದ ತಕ್ಷಣ ನಾನು "ಎಷ್ಟು ದಿನ?" ಎಂದು ಕೇಳಿಬಿಟ್ಟೆ. ಅವರು ಹಣೆ ಹಣೆ ಚಚ್ಚಿಕೊಂಡರು.

ಧ್ವನಿತಂತುವಿನ ಮೇಲೆ ಬೆಳೆದಿದ್ದ ಸಾಸಿವೆಕಾಳಿನಷ್ಟು ಗಂಟನ್ನು ನಿನ್ನೆ ತೆಗೆದಿದ್ದಾರೆ. ಕೆಟ್ಟ ಗಂಟಲ್ಲ ಎಂದು ಇವತ್ತು ಖಚಿತವಾಯಿತು. ಅದೊಂದು ಮಾತಿಗೇ ಆ ಮನುಷ್ಯನ ಹೊಟ್ಟೆ ತಣ್ಣಗಿರಲಿ. ಹದಿನೈದು ದಿನ ಪೂರ್ತಿ ಮೌನ, ಆಮೇಲೆ ದಿನಕ್ಕೆ ಐದು ನಿಮಿಷ, ಹತ್ತು ನಿಮಿಷ ಎಂದು ಏರಿಸುತ್ತ ಹೋಗಬೇಕಂತೆ. ಪಿಸುಗುಟ್ಟುವುದು ಕೂಡದೇ ಕೂಡದು, ಅದು ಕೂಗುವುದಕ್ಕಿಂತ ಕೆಟ್ಟದ್ದು.

"ಏನು ಕೆಲಸ ನಿಮ್ಮದು?" ಎಂದರು. ಸ್ಲೇಟಿನ ಮೇಲೆ "ಯುರೇನಿಯಂ" ಎಂದು ಬರೆದು ತೋರಿಸಿದೆ. ಕುರ್ಚಿಯನ್ನು ಅರ್ಧ ಅಡಿ ಹಿಂದಕ್ಕೆ ಎಳೆದುಕೊಂಡರು. "ಮುಟ್ಟುವುದಿಲ್ಲ, ಅದರ ಬಗ್ಗೆ ಮಾತಾಡುತ್ತೇನೆ" ಎಂದು ಬರೆದೆ.

"ಅದಕ್ಕೇ ಮತ್ತೆ, ಗಂಟಲು ಈ ಗತಿಗೆ ಬಂದಿರೋದು."

ಈ ನೋಟ್‌ಬುಕ್ಕು ನಮ್ಮವರು ತಂದುಕೊಟ್ಟದ್ದು. "ಒಳಗೇ ಇಟ್ಕೊಂಡ್ರೆ ನೀನು ಸಿಡಿದು ಹೋಗ್ತೀಯ. ಇದರಲ್ಲಿ ಮಾತಾಡ್ಕೋ" ಎಂದರು. ಸರಿ, ಮಾತಾಡುತ್ತೇನೆ.

ಚಿಂತೆ ಇರುವುದು ವರದಿಯದು. ನಮ್ಮದು ಹತ್ತು ಜನರ ಸಂಶೋಧನಾ ಕಚೇರಿ. ಅಣು ವಿದ್ಯುತ್ ಸ್ಥಾವರಗಳಿಗೆ ಮುಂದೆ ಎಷ್ಟು ಯುರೇನಿಯಂ ಬೇಕು, ಅದು ಎಲ್ಲಿಂದ ಬರುತ್ತದೆ, ಅದರಲ್ಲಿ ಹಣ ಹೂಡಬಹುದೇ ಎಂದು ವರ್ಷಕ್ಕೊಮ್ಮೆ, ಏಪ್ರಿಲ್‌ನಲ್ಲಿ, ಗ್ರಾಹಕರಿಗೆ ಹೇಳುತ್ತೇವೆ. ಗಣಿಗಳು ತೆಗೆಯುವುದು ಸ್ಥಾವರಗಳು ಉರಿಸುವುದಕ್ಕಿಂತ ಕಡಿಮೆ. ಕೊರತೆ ತುಂಬುವುದು ಹಳೆಯ ದಾಸ್ತಾನು, ಅಂದರೆ ಉಕ್ಕಿನ ಡ್ರಮ್ಮುಗಳಲ್ಲಿ ತುಂಬಿಟ್ಟ ಯುರೇನಿಯಂನ ಹಳದಿ ಪುಡಿ. ಆ ದಾಸ್ತಾನು ಎಷ್ಟು ವರ್ಷಕ್ಕೆ ಸಾಕು ಎಂಬ ಕೋಷ್ಟಕ ನನ್ನದು. ಕಳೆದ ವರ್ಷ ನನ್ನ ಉತ್ತರ: ಒಂಬತ್ತು ವರ್ಷಕ್ಕೆ ಸಾಕು, ಬೆಲೆ ಏರುವ ಲಕ್ಷಣವಿಲ್ಲ. ಅದನ್ನು ನಂಬಿ ಬಸ್ ನೌಕರರ ಪಿಂಚಣಿ ನಿಧಿಯವರು ತಮ್ಮ ಯುರೇನಿಯಂ ಹೂಡಿಕೆಯಲ್ಲಿ ಅರ್ಧ ಮಾರಿದರು. ಉಳಿದರ್ಧ ಏನು ಮಾಡುವುದೆಂದು ಈ ಸಲ ನಮ್ಮ ವರದಿ ನೋಡಿ ತೀರ್ಮಾನಿಸುತ್ತಾರೆ. ಮಾರಿ ಎಂದು ಕರಡಿನಲ್ಲಿ ಬರೆದಾಗಿದೆ. ಬೆಲೆ ಈ ವರ್ಷ ಏರಿದ್ದು ನಿಜ, ಆದರೆ ಅದು ಉಳಿಯುವ ಏರಿಕೆಯಲ್ಲ, ಮತ್ತೆ ಇಳಿಯುತ್ತದೆ ಎಂಬುದು ನನ್ನ ವಾದ.

ಫೆಬ್ರವರಿ 14

ನಮ್ಮವರಿಗೆ ಕೃತಕ ಹಲ್ಲು ಕಟ್ಟುವ ಕೆಲಸ. ಮುಂದಿನ ಕೋಣೆಯ ಬೆಂಚಿನ ಮೇಲೆ ಸುಣ್ಣದಚ್ಚಿನ ದವಡೆಗಳು ಸಾಲಾಗಿ ಬಾಯಿ ತೆರೆದು ಕೂತಿವೆ. ಅತ್ತೆಗೆ ಕಿವಿ ಮಂದ. ನನಗೆ ಬಾಯಿ ಬಂದ್. "ಈ ಮನೇಲಿ ಸದ್ಯಕ್ಕೆ ಮಾತಾಡೋ ಸ್ಥಿತೀಲಿರೋದು ಈ ಹಲ್ಲುಗಳು ಮಾತ್ರ" ಎಂದು ಇವರು ನಗುತ್ತಾರೆ.

ಮಧ್ಯಾಹ್ನ ಅತ್ತೆ ನನ್ನೆದುರು ಕುರ್ಚಿ ಹಾಕಿಕೊಂಡು ಕೂತು, ಅವರು ದಾದಿಯಾಗಿದ್ದ ಕಾಲದ ಕಥೆ ತೆಗೆದರು. ಅವರ ವಾರ್ಡಿನಲ್ಲಿ ಸರಿಯಾದ ಥರ್ಮಾಮೀಟರ್ ಇದ್ದದ್ದು ಒಂದೇ. ಪಕ್ಕದ ವಾರ್ಡಿನವರು ಎತ್ತಿಕೊಂಡು ಹೋಗುತ್ತಾರೆಂದು ಅತ್ತೆ ಅದನ್ನು ಹನ್ನೊಂದು ವರ್ಷ ತಮ್ಮ ತುರುಬಿನೊಳಗೆ ಬಚ್ಚಿಟ್ಟಿದ್ದರಂತೆ! ತಪಾಸಣೆಗೆ ಬಂದ ದೊಡ್ಡ ಡಾಕ್ಟರು "ಸಿಸ್ಟರ್, ನಿಮ್ಮ ತಲೇಲಿ ಏನೋ ಮಿಂಚ್ತಿದೆ" ಎಂದಾಗ "ಬುದ್ಧಿ ಸಾರ್" ಎಂದರಂತೆ. ನಾನು ಸದ್ದಿಲ್ಲದೆ ನಕ್ಕು ನಕ್ಕು ಕಣ್ಣೀರು ಬಂತು.

ಅತ್ತೆ ಎದ್ದು ಹೋಗುವಾಗ ಹೇಳಿದರು: "ನೀನು ಈ ಮನೆಗೆ ಬಂದು ಇಪ್ಪತ್ತೆರಡು ವರ್ಷ ಆಯ್ತು ನೋಡಮ್ಮ. ನಾನು ಒಂದು ಕಥೆ ಪೂರ್ತಿ ಹೇಳಿದ್ದು ಇವತ್ತೇ."

ಮುದುಕಿಗೆ ನನ್ನನ್ನು ಕಿಚಾಯಿಸದಿದ್ದರೆ ಊಟ ಸೇರುವುದಿಲ್ಲ.

ಫೆಬ್ರವರಿ 19, ಬುಧವಾರ

ಬಸ್ ನೌಕರರ ನಿಧಿಯ ಸಮಿತಿ ಇವತ್ತು ಕರಡು ನೋಡಲು ಕಚೇರಿಗೆ ಬಂದಿತ್ತು. ಒಂಬತ್ತು ಜನ, ಎಲ್ಲರೂ ನಿವೃತ್ತರು. ಪ್ರತಿ ಸಲ ಮಾತು ನನ್ನದು. ಈ ಸಲ ನಮ್ಮ ಸಾಹೇಬರೇ ವಿವರಿಸಿದರು, ನಾನು ಸ್ಲೇಟು ಹಿಡಿದು ಪಕ್ಕದಲ್ಲಿ ಕೂತೆ. ಸಾಹೇಬರು ನನ್ನ ಪಟ್ಟಿಯನ್ನೇ ಓದಿದರೂ ಎಷ್ಟು ಸಪ್ಪೆಯಾಗಿ ಓದಿದರೆಂದರೆ, ಮಧ್ಯೆ ಬಾಯಿ ಹಾಕಲಾಗದೆ ಕೈಲಿದ್ದ ಬಳಪವನ್ನು ಎರಡು ತುಂಡು ಮಾಡಿದೆ.

ಕೊನೆಯಲ್ಲಿ ಒಬ್ಬ ಹಳೆಯ ಡ್ರೈವರು, ದಪ್ಪ ಕನ್ನಡಕದವರು, ನಮ್ಮ ಸಾಹೇಬರನ್ನು ಬಿಟ್ಟು ನೇರ ನನ್ನನ್ನು ಕೇಳಿದರು.

"ಮೇಡಂ, ಈ ಡ್ರಮ್ಮುಗಳನ್ನ ಯಾರು ಎಣಿಸಿದ್ದು?"

ಸಾಹೇಬರು "ಅದೆಲ್ಲ ಮಾಲೀಕರನ್ನೇ ಕೇಳಿ ಹಾಕಿರೋ ಅಂಕಿ" ಎಂದರು.

"ಮಾಲೀಕರನ್ನ ಕೇಳಿದ್ದು ಸರಿ ಸಾರ್. ಡ್ರಮ್ಮು ಇರೋ ಉಗ್ರಾಣದವರನ್ನ ಕೇಳಿದ್ರಾ? ಯಾಕೆ ಕೇಳ್ದೆ ಅಂದ್ರೆ, ನಮ್ಮಲ್ಲಿ ಡಿಪೋಗಳ ನಡುವೆ ಟೈರು ಕೈಗಡ ಹೋಗ್ತಿತ್ತು. ಕೊಟ್ಟ ಡಿಪೋದವರು 'ನಮ್ಮದು, ವಾಪಸ್ ಬರತ್ತೆ' ಅಂತ ಪಟ್ಟೀಲಿ ಬರ್ಕೊಳ್ಳೋರು. ತಗೊಂಡ ಡಿಪೋದವರು 'ಇಗೋ, ಇಲ್ಲೇ ಇದೆ' ಅಂತ ಅವರೂ ಬರ್ಕೊಳ್ಳೋರು. ಇರೋ ಟೈರು ಒಂದು, ಪಟ್ಟೀಲಿ ಎರಡು."

ಉಳಿದವರು ನಕ್ಕರು. ಸಾಹೇಬರೂ ನಕ್ಕು, ಇದು ಟೈರಿನ ವ್ಯಾಪಾರವಲ್ಲ ಎಂದು ಏನೋ ಹೇಳಿದರು. ಗಂಟಲು ಸರಿ ಇದ್ದಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ, ಎರಡು ನಿಮಿಷದಲ್ಲಿ ಅವರ ಪ್ರಶ್ನೆಗೆ ಸಮಾಧಿ ಕಟ್ಟುತ್ತಿದ್ದೆ. ಆದರೆ ಸ್ಲೇಟಿನ ಮೇಲೆ ಬರೆಯಬೇಕಲ್ಲ? ಬರೆಯಲು ಹೊರಟರೆ ಬರೆಯುವಂಥ ಉತ್ತರ ನನ್ನಲ್ಲಿ ಇರಲಿಲ್ಲ. "ನೋಡಿ ಹೇಳುತ್ತೇನೆ" ಎಂದು ಬರೆದು ತೋರಿಸಿದೆ.

"ಪುಣ್ಯ ಬರಲಿ ಮೇಡಂ. ಅಷ್ಟು ಸಾಕು" ಎಂದರು.

ಫೆಬ್ರವರಿ 24

ಯುರೇನಿಯಂ ವ್ಯಾಪಾರದಲ್ಲಿ ಡ್ರಮ್ಮು ಅಲುಗಾಡುವುದೇ ಅಪರೂಪ. ಇಂಧನ ತಯಾರಿಗೆ ಹಳದಿ ಪುಡಿಯನ್ನು ಅನಿಲ ಮಾಡುವ ಮೂರು ನಾಲ್ಕು ದೊಡ್ಡ ಕಾರ್ಖಾನೆಗಳಿವೆ, ಅವುಗಳ ಉಗ್ರಾಣದಲ್ಲೇ ಅದು ಕೂತಿರುತ್ತದೆ. ಮಾರಿದಾಗ ಪುಸ್ತಕದಲ್ಲಿ ಹೆಸರು ಮಾತ್ರ ಬದಲಾಗುತ್ತದೆ. ಇದನ್ನೆಲ್ಲ ಅರೆದು ಕುಡಿದವಳು ನಾನು. ಕೈಗಡ ಕೊಡುತ್ತಾರೆಂಬುದೂ ಗೊತ್ತು. ಆದರೆ ಅದು ಅಲ್ಪ ಸ್ವಲ್ಪ ಎಂದುಕೊಂಡಿದ್ದೆ. ಹಾಗೆಂದು ನನಗೆ ಯಾರು ಹೇಳಿದ್ದರೋ ನೆನಪಾಗುತ್ತಿಲ್ಲ.

ಫೋನ್ ಮಾಡಿ ಕೇಳೋಣವೆಂದರೆ ಬಾಯಿಗೆ ಬೀಗ. ನಮ್ಮ ಕಚೇರಿಯಲ್ಲಿ ಕರೆಗಳೆಲ್ಲ ಧ್ವನಿಮುದ್ರಣವಾಗುತ್ತವೆ. ಕಳೆದ ವರ್ಷದ ನನ್ನ ಕರೆಗಳನ್ನೇ ಕೇಳುತ್ತ ಕೂತೆ. ಮೊದಲ ಮೂರು ಕೇಳುವಾಗ ನನ್ನ ಧ್ವನಿ ಎಷ್ಟು ಚೆನ್ನಾಗಿತ್ತು ಎಂದು ಬೇಸರವಾಯಿತು. ನಾಲ್ಕನೆಯದು ಒಂದು ವಿದ್ಯುತ್ ಕಂಪನಿಯ ದಾಸ್ತಾನು ಅಧಿಕಾರಿಯದು.

"ನಮ್ಮ ಹೆಸರಲ್ಲಿ ನಲವತ್ತು ಲಕ್ಷ ಪೌಂಡು ತೂಕದ ಯುರೇನಿಯಂ ಇದೆ ಮೇಡಂ. ಆದರೆ ಅದರೊಳಗೆ..."

"ಗೊತ್ತು, ಗೊತ್ತು. ಗುಣಮಟ್ಟ ಹೆಚ್ಚು ಕಡಿಮೆ ಇರತ್ತೆ. ಅದನ್ನ ನಾನು ನೋಡ್ಕೋತೀನಿ."

ಆಮೇಲೆ ಅವರು "ಸರಿ ಮೇಡಂ" ಎನ್ನುತ್ತಾರೆ.

ಆ ಭಾಗವನ್ನು ಆರು ಸಲ ಹಾಕಿ ಕೇಳಿದೆ. ಗುಣಮಟ್ಟದ ಮಾತು ಅವರು ಎತ್ತಿಯೇ ಇರಲಿಲ್ಲ.

ಫೆಬ್ರವರಿ 25

ಮೂವತ್ತೆಂಟು ಕರೆ. ಹದಿನೇಳರಲ್ಲಿ "ಗೊತ್ತು, ಗೊತ್ತು."

ಮಾರ್ಚ್ 3, ಸೋಮವಾರ

ದಾಸ್ತಾನು ಅಧಿಕಾರಿಗೆ ಪತ್ರ ಬರೆದಿದ್ದೆ: ಕಳೆದ ವರ್ಷ ನೀವು ಏನೋ ಹೇಳಲು ಹೊರಟಿದ್ದಿರಿ, ನಾನು ತಡೆದೆ, ದಯವಿಟ್ಟು ಈಗ ಹೇಳುತ್ತೀರಾ? ಇವತ್ತು ಎರಡು ಪುಟದ ಉತ್ತರ ಬಂತು. ಆ ನಲವತ್ತು ಲಕ್ಷದಲ್ಲಿ ಹದಿನೆಂಟು ಲಕ್ಷ ಪೌಂಡನ್ನು ಒಬ್ಬ ವರ್ತಕರಿಗೆ ಕೈಗಡ ಕೊಟ್ಟಿದ್ದಾರೆ. ಮೂರು ವರ್ಷಕ್ಕೆ ವಾಪಸ್ ಬರಬೇಕು. ವರ್ತಕರು ಅದನ್ನು, ಯುರೇನಿಯಂ ಕೊಂಡು ಸುಮ್ಮನೆ ಇಟ್ಟುಕೊಳ್ಳುವ ಒಂದು ಹೂಡಿಕೆ ನಿಧಿಗೆ ಮಾರಿದ್ದಾರೆ. ಆ ಹೂಡಿಕೆ ನಿಧಿ ನನ್ನ ಕೋಷ್ಟಕದಲ್ಲೇ, ಐದು ಸಾಲು ಕೆಳಗೆ ಇದೆ. ಒಂದೇ ಉಗ್ರಾಣದ ಅವೇ ಡ್ರಮ್ಮುಗಳನ್ನು ನಾನು ಎರಡು ಸಲ ಎಣಿಸಿದ್ದೇನೆ. ಇದೊಂದೇ ಆಗಿರಲಾರದು, ಇನ್ನೂ ಹದಿನಾರು ಕರೆಗಳಿವೆ.

ಪತ್ರದ ಕೊನೆಗೆ ಅವರು, "ಕೇಳಿದ್ದಕ್ಕೆ ಧನ್ಯವಾದ. ಈ ಕೆಲಸಕ್ಕೆ ಬಂದ ಮೇಲೆ ನನ್ನನ್ನು ಯಾರೂ ಎರಡನೇ ಪ್ರಶ್ನೆ ಕೇಳಿದವರಿಲ್ಲ" ಎಂದು ಬರೆದಿದ್ದಾರೆ. ಧನ್ಯವಾದ ಹೇಳಬೇಕಾದವಳು ನಾನು.

ಡಾಕ್ಟರು ಐದು ನಿಮಿಷ ಮಾತಿಗೆ ಅನುಮತಿ ಕೊಟ್ಟು ನಾಲ್ಕು ದಿನವಾಯಿತು. ಇವತ್ತಿನ ಐದನ್ನೂ ಸಾಹೇಬರ ಕೋಣೆಯಲ್ಲೇ ಖರ್ಚು ಮಾಡಿದೆ. ಧ್ವನಿ ತಗಡು ಕೆರೆದಂತೆ ಬರುತ್ತಿದೆ. ಅವರು ಕೇಳಿ ಮುಗಿಸಿ, ಬಾಗಿಲು ಹಾಕಿ ಬಂದರು.

"ಅಂಕಿ ಸರಿ ಮಾಡೋಣ. ಅಡಿಟಿಪ್ಪಣೀಲಿ 'ಲೆಕ್ಕದ ವಿಧಾನ ಬದಲಾಗಿದೆ' ಅಂತ ಹಾಕೋಣ. ಯಾರೂ ಓದಲ್ಲ."

ನನ್ನ ಐದು ನಿಮಿಷ ಮುಗಿದಿತ್ತು. ಸ್ಲೇಟಿನ ಮೇಲೆ ಬರೆದೆ: "ಓದದೆ ನಂಬಿದವರಿಗೇ ನಷ್ಟವಾದದ್ದು."

ಅವರು ಸ್ಲೇಟನ್ನು ತಮ್ಮ ಕಡೆ ತಿರುಗಿಸಿಕೊಂಡು ಇನ್ನೊಮ್ಮೆ ಓದಿದರು. ಕೆಟ್ಟ ಮನುಷ್ಯರಲ್ಲ, ಹತ್ತು ಮನೆಗಳ ಸಂಬಳ ಅವರ ತಲೆಯ ಮೇಲಿದೆ. "ಹೋಗಿ ಹೇಳಿ ಬನ್ನಿ. ಆದರೆ ತಿಳ್ಕೊಳ್ಳಿ, ಬಸ್ಸಿನವರ ನಿಧಿ ನಮ್ಮನ್ನ ಬಿಟ್ರೆ ನಿಮ್ಮ ಕುರ್ಚಿ ಉಳಿಸೋಕೆ ನನ್ನ ಕೈಲಾಗಲ್ಲ. ನನ್ನದೂ ಅಷ್ಟಕ್ಕಷ್ಟೇ" ಎಂದರು.

ಮಾರ್ಚ್ 6

ಹೆದರಿಕೆ. ಊಟ ಸೇರಲಿಲ್ಲ.

ಇವರು ಯಾರದೋ ಮೇಲಿನ ಸಾಲಿನ ಹಲ್ಲಿಗೆ ಬಣ್ಣ ಹೊಂದಿಸುತ್ತಿದ್ದರು. ನಾನು ಪಕ್ಕದಲ್ಲಿ ಕೂತೆ. "ಅಳತೆ ತಪ್ಪಿದ ಸೆಟ್ಟು ನಾನೂ ಕೊಟ್ಟಿದೀನಿ" ಎಂದರು, ತಲೆ ಎತ್ತದೆ. "ಹಾಕ್ಕೊಂಡವರು ಮೊದಲ ದಿನವೇ ಬಂದು ಬೈದ್ರೆ ಬಚಾವು. ಮರ್ಯಾದೆಗೆ ಅಂಜಿ ಸುಮ್ಮನಿರೋರು ಇರ್ತಾರಲ್ಲ, ವಸಡು ಹುಣ್ಣಾದ್ರೂ ಹೇಳಲ್ಲ. ಅವರ ಮನೆಗೆ ನಾನೇ ಹೋಗ್ತೀನಿ."

ಹೀಗೆ ಹೋಗುತ್ತಾರೆಂದು ನನಗೆ ಗೊತ್ತೇ ಇರಲಿಲ್ಲ. ಯಾವಾಗ ಹೋಗುತ್ತೀರಿ ಎಂದು ಬರೆದು ಕೇಳಿದೆ. ಶನಿವಾರಗಳಲ್ಲಂತೆ, ಹದಿನೈದು ವರ್ಷದಿಂದ. ಮಾರುಕಟ್ಟೆಗೆ ಹೋಗುತ್ತಾರೆ ಎಂದುಕೊಂಡಿದ್ದೆ. ಇಂಥವರ ಜೊತೆ ಬಾಳುತ್ತಿದ್ದೇನಲ್ಲ ಎಂದು ಮನಸ್ಸು ತುಂಬಿ ಬಂತು. ಆಮೇಲೆ ಸ್ವಲ್ಪ ಉಂಡೆ.

ಮಾರ್ಚ್ 12, ಬುಧವಾರ

ಹೇಳಿ ಬಂದೆ.

ಅವರ ಸಂಘದ ಸಭಾಂಗಣ ಡಿಪೋದ ಮೇಲಿನ ಮಹಡಿಯಲ್ಲಿದೆ. ಕೆಳಗೆ ಬಸ್ಸು ಹೊರಟರೆ ಮೇಲೆ ಲೋಟಗಳು ನಡುಗುತ್ತವೆ. ದಿನಕ್ಕೆ ಹತ್ತು ನಿಮಿಷ ಈಗ ನನ್ನ ಪಾಲು. ಹಾಗೆಂದು ಹೇಳಿದಾಗ ಹಳೆಯ ಡ್ರೈವರು ತಮ್ಮ ಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟರು. "ನಿಧಾನವಾಗಿ ಮೇಡಂ. ನಾವು ಹೊತ್ತಿಗೆ ಸರಿಯಾಗಿ ನಿಲ್ಲಿಸ್ತೀವಿ."

ಪೀಠಿಕೆಗೆ ಸಮಯವಿರಲಿಲ್ಲ. ಕಳೆದ ವರ್ಷದ ಕೋಷ್ಟಕ ತಪ್ಪು ಎಂದೆ. ಕೈಗಡ ಹೋದ ಡ್ರಮ್ಮುಗಳನ್ನು ಎರಡು ಸಲ ಎಣಿಸಿದ್ದೆ, ಹೇಳಲು ಬಂದವರ ಮಾತನ್ನು ನಾನೇ ತುಂಡರಿಸಿದ್ದೆ ಎಂದೆ. ದಾಸ್ತಾನು ನಾನು ಹೇಳಿದ್ದಕ್ಕಿಂತ ಬಹಳ ಕಡಿಮೆ ಇದೆ. ಹೊಸ ಗಣಿ ತೆರೆಯಲು ಹತ್ತು ಹದಿನೈದು ವರ್ಷ ಬೇಕು. ಸ್ಥಾವರಗಳಿಗೆ ಬೇರೆ ಇಂಧನ ಹಾಕಲಾಗದು, ಬೆಲೆ ಎಷ್ಟಾದರೂ ಕೊಳ್ಳಲೇಬೇಕು. ಆದ್ದರಿಂದ ಉಳಿದದ್ದನ್ನು ಮಾರಿ ಎಂಬ ನನ್ನ ಕರಡನ್ನು ವಾಪಸ್ ತೆಗೆದುಕೊಳ್ಳುತ್ತೇನೆ ಎಂದೆ.

ಒಬ್ಬ ಹಳೆಯ ಕಂಡಕ್ಟರಮ್ಮ ಎದ್ದು ನಿಂತರು. ಬಿಳಿ ಕೂದಲು, ಬಸ್ಸಿನ ತುದಿಯಿಂದ ತುದಿಗೆ ಕೇಳುವಂಥ ಕಂಠ.

"ಹೋದ ವರ್ಷ ನಮ್ಮಿಂದ ಅರ್ಧ ಮಾರಿಸಿದ್ದು ನೀವೇ ಅಲ್ವಾ? ಮಾರಿದ ಮೇಲೆ ಬೆಲೆ ಏರ್ತು. ಆಗ ನನ್ನನ್ನ ಮಾತಾಡೋಕೇ ಬಿಡಲಿಲ್ಲ ನೀವು, ನೆನಪಿದೆಯಾ? ನಮ್ಮ ಜನ ಎದ್ದು ನಿಲ್ಲೋಕಾಗದ ಸೊಂಟ ಇಟ್ಕೊಂಡು ದುಡಿದ ದುಡ್ಡದು. ಆ ನಷ್ಟ ಯಾರು ತುಂಬಿ ಕೊಡ್ತಾರೆ?"

ನೆನಪಿರಲಿಲ್ಲ. ಅದೇ ಎಲ್ಲಕ್ಕಿಂತ ಕಷ್ಟವಾಯಿತು. "ಯಾರೂ ತುಂಬಿ ಕೊಡಲ್ಲಮ್ಮ. ನನ್ನಿಂದ ಹೋಗಿದ್ದು ಅದು" ಎಂದೆ. ಗಡಿಯಾರದಲ್ಲಿ ಇನ್ನೂ ಎರಡು ನಿಮಿಷವಿತ್ತು. ಅದನ್ನು ಹಾಗೇ ಬಿಟ್ಟು ಕೂತೆ. ಅವರು ಆಡಬೇಕಾದದ್ದನ್ನೆಲ್ಲ ಆಡಿದರು, ಕಾಲು ಗಂಟೆ. ಒಂದು ಮಾತೂ ಸುಳ್ಳಲ್ಲ.

ತೀರ್ಮಾನ ಮುಂದೂಡಿದರು. ಇಡೀ ಲೆಕ್ಕವನ್ನು ಮೊದಲಿನಿಂದ ಮಾಡಿ ತರಬೇಕು, ಆಮೇಲೆ ಮತ ಹಾಕುತ್ತಾರೆ. ನಮ್ಮನ್ನು ಇಟ್ಟುಕೊಳ್ಳುವುದೋ ಬಿಡುವುದೋ ಎಂಬುದೂ ಅವತ್ತೇ. ಮೂರು ವಾರ ಗಡುವು.

ಹೊರಡುವಾಗ ಹಳೆಯ ಡ್ರೈವರು ಮೆಟ್ಟಿಲವರೆಗೆ ಬಂದರು. "ಟೈರಿನ ಗೋಲ್‌ಮಾಲ್ ಕೊನೆಗೆ ಹೆಂಗೆ ನಿಂತಿತು ಗೊತ್ತಾ ಮೇಡಂ? ಹೊಸ ಮೇಲಧಿಕಾರಿ ಒಬ್ಬರು ಬಂದ್ರು. ಎಲ್ಲ ಡಿಪೋಗೂ ಒಂದೇ ದಿನ, ಒಂದೇ ಹೊತ್ತಿಗೆ ಎಣಿಸೋಕೆ ಜನ ಕಳಿಸಿದ್ರು. ಒಂದು ಟೈರು ಒಂದೇ ಹೊತ್ತಿಗೆ ಎರಡು ಕಡೆ ಇರೋಕಾಗಲ್ವಲ್ಲ!"

ಹದಿನಾರು ವರ್ಷದಿಂದ ಈ ಕೆಲಸದಲ್ಲಿದ್ದೇನೆ. ಪ್ರತಿ ವರ್ಷ ಮಾಲೀಕರನ್ನು ಮೂರು ತಿಂಗಳು ಒಬ್ಬೊಬ್ಬರಾಗಿ ಕೇಳುತ್ತ ಬಂದಿದ್ದೇನೆ. ಆ ಮೂರು ತಿಂಗಳಲ್ಲಿ ಡ್ರಮ್ಮಿನ ಹೆಸರು ಎಷ್ಟು ಸಲ ಬದಲಾಯಿತೋ ದೇವರೇ ಬಲ್ಲ. ಮೆಟ್ಟಿಲ ಮೇಲೆ ನಿಂತು ಆ ಹಿರಿಯರಿಗೆ ಕೈಮುಗಿದೆ. ನನ್ನ ಹತ್ತು ನಿಮಿಷದಲ್ಲಿ ಉಳಿದದ್ದು ಅದಕ್ಕೆ ಸಾಲುತ್ತಿರಲಿಲ್ಲ.

ಮಾರ್ಚ್ 21

ಮಾಲೀಕರೆಲ್ಲರಿಗೂ, ಉಗ್ರಾಣಗಳಿಗೂ ಒಂದೇ ಪ್ರಶ್ನೆ ಕಳಿಸಿದ್ದೇವೆ: ಮಾರ್ಚ್ ಹದಿನೇಳರಂದು ಸಂಜೆ ಐದಕ್ಕೆ ನಿಮ್ಮ ಡ್ರಮ್ಮುಗಳು ಎಲ್ಲಿದ್ದವು, ಯಾರ ಹೆಸರಿನಲ್ಲಿದ್ದವು? ಈಗ ದಿನಕ್ಕೆ ಒಂದು ಗಂಟೆ ಮಾತಾಡಬಹುದು. ಅದನ್ನು ನಾಲ್ಕು ಕರೆಗೆ ಹಂಚುತ್ತಿದ್ದೇನೆ. ಆಶ್ಚರ್ಯವೆಂದರೆ ಪ್ರತಿದಿನ ಅರ್ಧ ಗಂಟೆ ಮಿಗುತ್ತಿದೆ. ಜನ ಈಗ ಎಷ್ಟು ಚೆನ್ನಾಗಿ ವಿವರಿಸುತ್ತಾರೆ! ಕಳೆದ ವರ್ಷ ಇವರೇ ಮೊಟಕಾಗಿ ಹೇಳಿ ಇಟ್ಟುಬಿಡುತ್ತಿದ್ದರು. ಒಳ್ಳೆಯ ಬದಲಾವಣೆ ಅವರಲ್ಲಿ.

ಒಂದು ಉಗ್ರಾಣದ ಮುಖ್ಯಸ್ಥರಂತೂ ತಮ್ಮ ಹೊಸ ಮೊಮ್ಮಗಳ ವಿಷಯದಿಂದ ಶುರು ಮಾಡಿ, ಕೊನೆಗೆ ಹನ್ನೊಂದು ಕೈಗಡಗಳ ಪಟ್ಟಿಯನ್ನೇ ಓದಿದರು. ಮಗು ಹುಟ್ಟಿದಾಗ ಎರಡೂವರೆ ಕಿಲೋ ಇತ್ತಂತೆ.

ಏಪ್ರಿಲ್ 3, ಗುರುವಾರ

ಲೆಕ್ಕ ಮುಗಿಯಿತು: ಐದು ವರ್ಷ, ಒಂಬತ್ತು ತಿಂಗಳು. ಒಂಬತ್ತು ವರ್ಷವಲ್ಲ. ವರದಿಯ ಮೊದಲ ಪುಟದಲ್ಲೇ, ಅಡಿಟಿಪ್ಪಣಿಯಲ್ಲಲ್ಲ, ಹಳೆಯ ತಪ್ಪು ಏನು, ಹೇಗಾಯಿತು, ಯಾರಿಂದ ಎಂದು ಅಚ್ಚಾಗಿದೆ. ಸಾಹೇಬರು ನನ್ನ ಹೆಸರಿನ ಕೆಳಗೆ ತಮ್ಮ ಹೆಸರನ್ನೂ ಹಾಕಿದರು. ನಾನು ಕೇಳಿರಲಿಲ್ಲ. ಇಬ್ಬರು ಗ್ರಾಹಕರು ನಮ್ಮನ್ನು ಬಿಟ್ಟರು. ನೋವಾಯಿತು, ಆದರೆ ಅವರು ಬಿಟ್ಟದ್ದು ನ್ಯಾಯವೇ.

ಡಾಕ್ಟರು ಕನ್ನಡಿ ಹಾಕಿ ನೋಡಿ, ಗಂಟಲು ಪೂರ್ತಿ ವಾಸಿಯಾಗಿದೆ, ಇನ್ನು ಎಷ್ಟಾದರೂ ಮಾತಾಡಿ ಎಂದು ಸೋಮವಾರವೇ ಹೇಳಿದ್ದಾರೆ. ಇವತ್ತು ಬಸ್ ನೌಕರರ ಸಮಿತಿಯ ಮತದಾನ. ಬೆಳಗಿನಿಂದ ಕಾಲು ನಿಂತಲ್ಲಿ ನಿಲ್ಲಲಿಲ್ಲ. ನಾಲ್ಕು ಗಂಟೆಗೆ ಹಳೆಯ ಡ್ರೈವರ ಫೋನು ಬಂತು.

"ಮೇಡಂ, ಉಳಿದ ಅರ್ಧ ಮಾರೋದು ಬೇಡ ಅಂತಾಯ್ತು. ಎಂಟು ಜನ ಈ ಕಡೆ, ಒಬ್ಬರು ಆ ಕಡೆ. ಮುಂದಿನ ವರ್ಷದ ವರದೀನೂ ನಿಮ್ಮದೇ. ಅದಕ್ಕೆ ಮೊದಲು ಕೈ ಎತ್ತಿದ್ದು ಯಾರು ಹೇಳಿ? ನಿಮ್ಮನ್ನ ಬೈದ್ರಲ್ಲ, ಅವರೇ. ಅವರು ಏನಂದ್ರು ಗೊತ್ತಾ? ನಮ್ಮ ಹತ್ರ ಬಂದು ದುಡ್ಡಿನ ಬುದ್ಧಿ ಹೇಳಿದವರು ಎಷ್ಟೋ ಜನ, ಬೈಯೋದನ್ನ ಕೊನೇವರೆಗೂ ಕೂತು ಕೇಳಿದವರು ಇವರೊಬ್ಬರೇ ಅಂದ್ರು."

ಕಂಡಕ್ಟರಮ್ಮನಿಗೆ, ಈ ಹಿರಿಯರಿಗೆ, ಜೊತೆಗೆ ಹೆಸರು ಹಾಕಿದ ಸಾಹೇಬರಿಗೆ, ಎರಡು ಪುಟ ಬರೆದ ಆ ಅಧಿಕಾರಿಗೆ, ಎಲ್ಲರಿಗೂ ಋಣಿ ನಾನು. ಫೋನಿನಲ್ಲಿ ಡ್ರೈವರ ಮಾತು ಇನ್ನೂ ಮುಗಿದಿರಲಿಲ್ಲ. ಸಭೆಯಲ್ಲಿ ಯಾರು ಏನೆಂದರು, ಆ ಒಂದು ವಿರುದ್ಧ ಮತ ಯಾರದು, ಅದಕ್ಕೆ ಕಾರಣವೇನು, ನಿವೃತ್ತಿಯ ದಿನ ಅವರು ಕೊನೆಯ ಸಲ ಬಸ್ಸನ್ನು ಡಿಪೋಗೆ ತಂದು ನಿಲ್ಲಿಸಿ ಕೆಳಗಿಳಿಯಲಾಗದೆ ಎಷ್ಟು ಹೊತ್ತು ಸೀಟಿನಲ್ಲೇ ಕೂತಿದ್ದರು, ಎಲ್ಲ ಹೇಳಿದರು. ಹೇಳಿ, ತಟ್ಟನೆ ಮಾತು ನಿಲ್ಲಿಸಿದರು.

"ಹಲೋ? ಮೇಡಂ? ಲೈನಲ್ಲಿದೀರಾ?"

"ಇದೀನಿ. ಹೇಳಿ."

"ಕಟ್ಟಾಯ್ತೇನೋ ಅಂದ್ಕೊಂಡೆ."

ಈ ವಾರ ನನ್ನನ್ನು ಹೀಗೆ ಕೇಳಿದವರಲ್ಲಿ ಅವರು ಆರನೆಯವರು. ನಮ್ಮ ಕಚೇರಿಯ ಫೋನಿನಲ್ಲೇ ಏನೋ ದೋಷವಿರಬೇಕು. ನಾಳೆ ಬೆಳಿಗ್ಗೆ ಮೊದಲ ಕೆಲಸ, ರಿಪೇರಿಯವರಿಗೆ ಹೇಳಿ ಕಳಿಸುವುದು.